ಮೊದಲು ಸಂಗೀತ, ಆಮೇಲೆ ಹೆಡ್‌ಫೋನ್, ಕೊನೆಗೆ ಆಂಪ್ಲಿಫೈಯರ್

ಮೈಸೂರಿನ ನನ್ನ ರಿಪೇರಿ ಮೇಜಿಗೆ ಈಗ ರೇಡಿಯೊಗಳಿಗಿಂತ ಹೆಡ್‌ಫೋನ್ ಆಂಪ್ಲಿಫೈಯರ್‌ಗಳೇ ಹೆಚ್ಚಾಗಿ ಬರುತ್ತವೆ. ಅವುಗಳಲ್ಲಿ ಅರ್ಧಕ್ಕರ್ಧ ಕೆಟ್ಟಿರುವುದೇ ಇಲ್ಲ. ದೂರುಗಳು ಮಾತ್ರ ಬಗೆಬಗೆಯವು: ದನಿ ತೆಳ್ಳಗಿದೆ, ತಬಲಾ ಸತ್ತಂತಿದೆ, ಪಿಟೀಲು ಕಿವಿ ಕೊರೆಯುತ್ತದೆ, ಹಾಡು ನಿಂತಾಗಲೂ ಸುಯ್ ಎನ್ನುತ್ತದೆ. ಮೀಟರ್ ಹಚ್ಚಿ ನೋಡಿದರೆ ಎಲ್ಲವೂ ಸರಿ. ತಪ್ಪಿರುವುದು ಜೋಡಿ.

ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಲು ಯಾವ ಆಂಪ್ಲಿಫೈಯರ್ ಕೊಳ್ಳಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಹಿಡಿಸುವುದಿಲ್ಲ. ಆಂಪ್ಲಿಫೈಯರ್‌ಗೆ ಘರಾನೆ ಇಲ್ಲ. ಸಂಗೀತದ ಜಾತಿಗೆ ತಕ್ಕಂತೆ ಆರಿಸಬೇಕಾದದ್ದು ಹೆಡ್‌ಫೋನ್ ಅನ್ನು. ಆಂಪ್ಲಿಫೈಯರ್ ಆ ಹೆಡ್‌ಫೋನ್‌ಗೆ ಬೇಕಾದ ವಿದ್ಯುತ್ತನ್ನು ಸುಮ್ಮನೆ ಒದಗಿಸಿದರೆ ಸಾಕು. ಇದಕ್ಕೆ ಒಂದು ಅಪವಾದ ಉಂಟು, ಅದನ್ನು ಮುಂದೆ ಹೇಳುತ್ತೇನೆ. ಅನುಕ್ರಮ ತಲೆಕೆಳಗಾದರೆ ದುಡ್ಡು ನೀರಾಗುತ್ತದೆ.

ಹೆಡ್‌ಫೋನ್ ಪೆಟ್ಟಿಗೆಯ ಮೇಲೆ ನೋಡಬೇಕಾದ ಅಂಕಿಗಳು ಎರಡು: ಓಮ್‌ಗಳಲ್ಲಿ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ; ಡೆಸಿಬಲ್‌ಗಳಲ್ಲಿ ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಿದ್ಯುತ್ತಿಗೆ ಬರುವ ಸದ್ದು. ಜನ ಮೊದಲನೆಯದನ್ನಷ್ಟೇ ನೋಡಿ, 300 ಓಮ್ ಎಂದರೆ ದೊಡ್ಡ ಯಂತ್ರವೇ ಬೇಕು ಎಂದು ತೀರ್ಮಾನಿಸುತ್ತಾರೆ. ಎರಡನೆಯದರಲ್ಲೂ ಒಂದು ಮೋಸವಿದೆ. ಕೆಲವು ಕಂಪನಿಗಳು 1 ವೋಲ್ಟ್‌ಗೆ ಎಷ್ಟು ಡೆಸಿಬಲ್ ಎಂದು ಬರೆಯುತ್ತವೆ, ಕೆಲವು 1 ಮಿಲಿವ್ಯಾಟ್‌ಗೆ. 32 ಓಮ್‌ನ ಹೆಡ್‌ಫೋನ್‌ನಲ್ಲಿ ಈ ಎರಡು ಲೆಕ್ಕಗಳ ನಡುವೆ 15 ಡೆಸಿಬಲ್ ಅಂತರ ಬರುತ್ತದೆ, 300 ಓಮ್‌ನಲ್ಲಿ 5. ಯಾವ ಲೆಕ್ಕ ಎಂದು ತಿಳಿಯದೆ ಎರಡು ಹೆಡ್‌ಫೋನ್‌ಗಳನ್ನು ಹೋಲಿಸಬೇಡಿ.

ಎರಡು ಹೆಸರಾಂತ ಹೆಡ್‌ಫೋನ್‌ಗಳ ಲೆಕ್ಕ ಮಾಡೋಣ. ಸೆನ್‌ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ, ಇಂದಿಗೂ ಮಾರಾಟದಲ್ಲಿದೆ. 300 ಓಮ್, ಕಂಪನಿಯ ಪ್ರಕಾರ 1 ವೋಲ್ಟ್‌ಗೆ 97 ಡೆಸಿಬಲ್. ಹೈಫೈಮ್ಯಾನ್ ಎಚ್‌ಇ-6 ಚಪ್ಪಟೆ ಪೊರೆಯದು, ಅಂದರೆ ಪ್ಲೇನರ್. 50 ಓಮ್, 1 ಮಿಲಿವ್ಯಾಟ್‌ಗೆ 83.5 ಡೆಸಿಬಲ್. ಎರಡರಲ್ಲೂ ಶಿಖರದ ಕ್ಷಣಗಳಿಗೆ 110 ಡೆಸಿಬಲ್ ಸಿಗಬೇಕು ಎಂದಿಟ್ಟುಕೊಳ್ಳಿ. ಎಚ್‌ಡಿ 600ಕ್ಕೆ ಸುಮಾರು 4.5 ವೋಲ್ಟ್, 15 ಮಿಲಿಆಂಪ್ ಸಾಕು, ಒಟ್ಟು 67 ಮಿಲಿವ್ಯಾಟ್. ಎಚ್‌ಇ-6ಕ್ಕೂ ಹೆಚ್ಚುಕಡಿಮೆ ಅಷ್ಟೇ ವೋಲ್ಟೇಜ್, 4.7. ಆದರೆ ಕರೆಂಟ್ 95 ಮಿಲಿಆಂಪ್, ಶಕ್ತಿ 450 ಮಿಲಿವ್ಯಾಟ್‌ಗೆ ಹತ್ತಿರ. ಓಮ್ ಕಡಿಮೆಯಿರುವುದೇ ಆರು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಆದ್ದರಿಂದ ಆಂಪ್ಲಿಫೈಯರ್ ಕೊಳ್ಳುವಾಗ ದೊಡ್ಡಕ್ಷರದಲ್ಲಿ ಅಚ್ಚಾದ ವ್ಯಾಟ್ ಸಂಖ್ಯೆಯನ್ನು ಬಿಟ್ಟು, ನಿಮ್ಮ ಹೆಡ್‌ಫೋನ್‌ನ ಓಮ್‌ಗೆ ಎಷ್ಟು ವ್ಯಾಟ್ ಸಿಗುತ್ತದೆ ಎಂದು ಹುಡುಕಿ. 32 ಓಮ್‌ಗೆ ಧಾರಾಳವಾಗಿ ಕೊಡುವ ಪೆಟ್ಟಿಗೆ 300 ಓಮ್‌ಗೆ ಅದರ ಹತ್ತನೆಯ ಒಂದು ಭಾಗ ಮಾತ್ರ ಕೊಡಬಹುದು.

110 ಎಂದೆನೆಂದು ಅಷ್ಟು ಜೋರಾಗಿ ಕೇಳಬೇಡಿ. ಸರಾಸರಿ 75ರ ಸುತ್ತಲೇ ಇರಲಿ. ಅಂಥ ಕೇಳುವಿಕೆಯಲ್ಲೂ ಮೃದಂಗದ ಒಂದು ಪೆಟ್ಟು, ಸಿಂಫನಿಯ ಒಂದು ಏರು ಅದಕ್ಕಿಂತ 20 ಡೆಸಿಬಲ್ ಮೇಲೆ ಹಾರುತ್ತದೆ. ಉಳಿದದ್ದು ಮೀಸಲು. ಕಾರ್ಖಾನೆಗಳಿಗೆ ಹಾಕಿಕೊಟ್ಟ ಅಮೆರಿಕದ ಒಂದು ಅಳತೆಯಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಪ್ರತಿ 3 ಡೆಸಿಬಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. ಕಿವಿಗೆ ಸ್ಪೇರ್ ಪಾರ್ಟ್ ಸಿಗುವುದಿಲ್ಲ.

ಈಗ ಆ ಅಪವಾದ. ಪ್ರತಿ ಆಂಪ್ಲಿಫೈಯರ್‌ಗೂ ತನ್ನದೇ ಒಂದು ಔಟ್‌ಪುಟ್ ಇಂಪೀಡೆನ್ಸ್ ಇರುತ್ತದೆ. ಒಳ್ಳೆಯ ಟ್ರಾನ್ಸಿಸ್ಟರ್ ಯಂತ್ರಗಳಲ್ಲಿ ಅದು 1 ಓಮ್‌ಗಿಂತ ಕಡಿಮೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ (ಗಾಜಿನ ಕೊಳವೆ) ಯಂತ್ರಗಳಲ್ಲಿ 100 ದಾಟಿದರೂ ಅಚ್ಚರಿಯಿಲ್ಲ. ಎಚ್‌ಡಿ 600ರ ಮೇಲೆ 300 ಓಮ್ ಎಂದು ಬರೆದಿದ್ದರೂ 100 ಹರ್ಟ್ಸ್‌ನ ಆಸುಪಾಸಿನಲ್ಲಿ ಅದು 500ರವರೆಗೆ ಏರುತ್ತದೆ. ಅದನ್ನು 120 ಓಮ್‌ನ ವಾಲ್ವ್ ಯಂತ್ರಕ್ಕೆ ಜೋಡಿಸಿದರೆ ಆ ಭಾಗದ ಸದ್ದು ಉಳಿದುದಕ್ಕಿಂತ ಸುಮಾರು 1 ಡೆಸಿಬಲ್ ಮೇಲೇಳುತ್ತದೆ. ವಾಲ್ವಿನಲ್ಲಿ ದನಿಗೆ ಮೈ ತುಂಬುತ್ತದೆ ಎಂದು ಜನ ಕಣ್ಣು ಮುಚ್ಚಿ ಹೇಳುವುದರಲ್ಲಿ ದೊಡ್ಡ ಪಾಲು ಇದೇ. ಸುಳ್ಳಲ್ಲ, ಮಾಯೆಯೂ ಅಲ್ಲ. ಅದೇ ವಾಲ್ವ್ ಯಂತ್ರಕ್ಕೆ 32 ಓಮ್‌ನ ಪ್ಲೇನರ್ ಚುಚ್ಚಿದರೆ ಪ್ಲೇನರ್‌ನ ಇಂಪೀಡೆನ್ಸ್ ಎಲ್ಲ ಸ್ವರಗಳಲ್ಲೂ ಒಂದೇ ಆಗಿರುವುದರಿಂದ ಬಣ್ಣ ಬದಲಾಗುವುದಿಲ್ಲ, ಬರೀ 13.5 ಡೆಸಿಬಲ್ ಸೋರಿಹೋಗುತ್ತದೆ. ಹಾಗಾಗಿ ವಾಲ್ವ್ ಬೇಕೇಬೇಕು ಎನ್ನುವವರು 250, 300 ಅಥವಾ 600 ಓಮ್‌ನ ಹೆಡ್‌ಫೋನ್ ಇಟ್ಟುಕೊಳ್ಳಲಿ. ಬೇಯರ್‌ಡೈನಾಮಿಕ್ ಡಿಟಿ 880 ಮೂರು ರೂಪಗಳಲ್ಲಿ ಬಂದಿದೆ, 32, 250, 600, ವಾಲ್ವಿಗೆ 600ರದ್ದು. ಬೇರೆಲ್ಲ ಕಡೆ ಹಳೆಯ ಸೂತ್ರ ಸಾಕು: ಆಂಪ್ಲಿಫೈಯರ್‌ನ ಓಮ್ ಹೆಡ್‌ಫೋನ್ ಓಮ್‌ನ ಎಂಟನೆಯ ಒಂದು ಭಾಗ ಮೀರಬಾರದು. ಸ್ಟಾಕ್ಸ್‌ನಂಥ ಸ್ಥಾಯೀವಿದ್ಯುತ್ ಹೆಡ್‌ಫೋನ್‌ಗಳು ಈ ಚರ್ಚೆಗೇ ಬರುವುದಿಲ್ಲ. ಅವಕ್ಕೆ 580 ವೋಲ್ಟ್‌ನ ಬಯಾಸ್, ಅಂದರೆ ಪೊರೆಯ ಮೇಲೆ ಸದಾ ಇರುವ ವೋಲ್ಟೇಜ್, ಬೇಕು, ಅವುಗಳದೇ ಯಂತ್ರ ಬೇಕು.

ಸಂಗೀತಕ್ಕೆ ಬರೋಣ. ಹಿಂದೂಸ್ತಾನಿ ಗಾಯನವೇ ನಿಮ್ಮ ಪ್ರಾಣವಾದರೆ ನಾನು ಹೆಚ್ಚು ಯೋಚಿಸದೆ ಎಚ್‌ಡಿ 600 ಅಥವಾ 650 ಎನ್ನುತ್ತೇನೆ. ಕಪ್ಪು ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಷಡ್ಜ ಹಿಡಿಯುವ ಗಂಡುದನಿಯ ತಂಬೂರಿಯಲ್ಲಿ ಖರಜದ ತಂತಿ 69 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಡಗ್ಗಾ 100ರ ಆಚೀಚೆ ಗುಮ್ಮೆನ್ನುತ್ತದೆ. ಅಲ್ಲಿಯವರೆಗೆ ಈ ಹೆಡ್‌ಫೋನ್ ಗಟ್ಟಿಯಾಗಿದೆ. ಅದರ ಕೆಳಗೆ ಸೊರಗುತ್ತದೆ, ಆದರೆ ಅಲ್ಲಿ ಖಯಾಲಿಗೆ ಹೇಳಿಕೊಳ್ಳುವಂಥ ಕೆಲಸವಿಲ್ಲ. ಪ್ರಾಣವಿರುವುದು ನಡುವೆ, ಗಂಗೂಬಾಯಿ ಹಾನಗಲ್ಲರ ಆ ಭಾರದ ದನಿ ಎದ್ದು ನಿಲ್ಲುವ ಜಾಗದಲ್ಲಿ. ಆಲಾಪವನ್ನು ಬಹಳ ತಗ್ಗಿನಲ್ಲಿ ಧ್ವನಿಮುದ್ರಿಸಿರುವುದರಿಂದ ವಾಲ್ಯೂಮ್ ಏರಿಸುತ್ತೀರಿ. 1 ವೋಲ್ಟ್ ಕೊಡುವ ಮೊಬೈಲ್ ಡಾಂಗಲ್ (ಫೋನಿಗೆ ಚುಚ್ಚಿ ಹೆಡ್‌ಫೋನ್ ಜೋಡಿಸುವ ಪುಟ್ಟ ತುಂಡು) ಇಲ್ಲಿ ಕೈಕೊಡುತ್ತದೆ.

ಕರ್ನಾಟಕ ಸಂಗೀತದ ಸಭಾ ಮುದ್ರಣಗಳು ಬೇರೆಯೇ ತಂಟೆ. ಪಿಟೀಲಿನ ಮೈಕು ತೀರ ಹತ್ತಿರ, ಸಭೆಯ ಸ್ಪೀಕರ್ ಚೀರಾಟ ಬೇರೆ. 2009ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 800ರಲ್ಲಿ 6000 ಹರ್ಟ್ಸ್‌ನ ಬಳಿ ಒಂದು ಮೊನೆ ಇದೆ, ಅಂದರೆ ಅಲ್ಲಿನ ಸದ್ದು ಉಳಿದುದಕ್ಕಿಂತ ಜೋರು. ಆಮೇಲೆ ಬಂದ 800 ಎಸ್‌ನಲ್ಲಿ ಅದನ್ನು ತಗ್ಗಿಸಿದರು. ಸಭೆಯ ಪಿಟೀಲು ಆ ಮೊನೆಗೆ ಸಿಕ್ಕಿದರೆ ತನಿಯಾವರ್ತನಕ್ಕೆ ಮೊದಲೇ ಹೆಡ್‌ಫೋನ್ ತೆಗೆದಿಡುತ್ತೀರಿ. ಇಲ್ಲಿ ಪ್ಲೇನರ್ ಒಳ್ಳೆಯದು, ಉದಾಹರಣೆಗೆ ಆಡಿಜ್ ಎಲ್‌ಸಿಡಿ-2: ಮೇಲಿನ ಸ್ವರಗಳು ಮೆತ್ತಗೆ, ತಳ ನೇರ. ಮೃದಂಗದ ತೊಪ್ಪಿ ಹೇಗೆ ಬಿಡಿಸಿಕೊಂಡು ಬರುತ್ತದೆ ಎಂದು ಒಮ್ಮೆ ಕೇಳಿ ನೋಡಿ. ಕೊಳ್ಳುವ ಮುನ್ನ ಅಂಗಡಿಯಲ್ಲಿ ಸ, ಶ, ಷ ಹೆಚ್ಚಾಗಿರುವ ಕೀರ್ತನೆಯೊಂದನ್ನು ಹಾಕಿಸಿ. ಆ ಮೂರೂ ಚುಚ್ಚದಿದ್ದರೆ ಪಾಸು. ಅದೇ ಎಚ್‌ಡಿ 800 ಪಾಶ್ಚಾತ್ಯ ಸಿಂಫನಿಗೆ ಮಾತ್ರ ಅಪರೂಪದ ಹೊಂದಿಕೆ. ವಾದ್ಯಗಳು ತಲೆಯೊಳಗಲ್ಲ, ಎದುರಿಗೆ ಹರಡಿ ಕೂತಂತೆ ಕೇಳುತ್ತದೆ.

ಮೆಟಲ್‌ ಮತ್ತು ರಾಕ್‌ಗೆ ನನ್ನ ಅಕ್ಕನ ಮಗ ಬ್ರೂಕ್ಲಿನ್‌ನ ಗ್ರಾಡೊ ಬಿಟ್ಟು ಬೇರೆ ಮುಟ್ಟುವುದಿಲ್ಲ. ಗಿಟಾರು ಕಚ್ಚಬೇಕಂತೆ. ಅವು ಅಲ್ಪತೃಪ್ತವಾದ ಹೆಡ್‌ಫೋನ್‌ಗಳು, ಮೊಬೈಲ್ ಡಾಂಗಲ್ ಸಾಕು. ಭಾರಿ ಯಂತ್ರಕ್ಕೆ ಸಿಕ್ಕಿಸಿದರೆ ವಾಲ್ಯೂಮ್ ಗುಂಡಿ ಒಂದೇ ಕೂದಲೆಳೆಯಷ್ಟು ತಿರುಗಿದಾಗಲೇ ಕಿವಿ ತುಂಬಿಬಿಡುತ್ತದೆ. ಸುಯ್ ಎನ್ನುವ ದೂರು ಬರುವುದೂ ಹೀಗೆಯೇ. ಸದ್ದನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ಗೊತ್ತುಮಾಡುವ ಗೇನ್ ಸ್ವಿಚ್ಚನ್ನು ಕೆಳಕ್ಕೆ ಒತ್ತಿ ನೋಡಿ, ಎಷ್ಟೋ ಸಲ ರಿಪೇರಿ ಅಷ್ಟೇ. ಈಗಿನ ಚಿತ್ರಗೀತೆಗಳಿಗೂ ಹೆಚ್ಚು ಶಕ್ತಿ ಬೇಡ. ತಗ್ಗು ಏರುಗಳನ್ನು ಸ್ಟುಡಿಯೊದಲ್ಲೇ ಒತ್ತಿ ಸಮ ಮಾಡಿರುತ್ತಾರೆ. ಪಿ.ಬಿ. ಶ್ರೀನಿವಾಸರ ಕಾಲದ ಹಾಡುಗಳು, 78 ಆರ್‌ಪಿಎಂ ತಟ್ಟೆಗಳಿಂದ ಎತ್ತಿಕೊಂಡ ಮುದ್ರಣಗಳು ಬಹುಪಾಲು ಮೋನೊ. ಅವನ್ನು ಕೇಳುವಾಗ ಪ್ಲೇಯರ್‌ನಲ್ಲಿ ಮೋನೊ ಗುಂಡಿ ಒತ್ತಿ. ಎಡ ಬಲ ಒಂದಾದಾಗ ತಟ್ಟೆಯ ಚರಚರ ಸದ್ದಿನಲ್ಲಿ ಒಂದಷ್ಟು ಪರಸ್ಪರ ಕಳೆದುಹೋಗುತ್ತದೆ. ಲಕ್ಷ ರೂಪಾಯಿಯ ಯಂತ್ರವೂ ಅದನ್ನು ಮಾಡಿಕೊಡುವುದಿಲ್ಲ.

ನಾನು ಹೆಸರಿಸಿದವುಗಳಲ್ಲಿ ಬಹುತೇಕ ಎಲ್ಲವೂ ಹಿಂಬದಿ ತೆರೆದವು. ಸೀಲಿಂಗ್ ಫ್ಯಾನು, ಕುಕ್ಕರಿನ ಸೀಟಿ, ಬೀದಿಯ ಆಟೊ ಎಲ್ಲ ಒಳಗೆ ಬರುತ್ತವೆ. ನಿಮ್ಮ ಹಾಡು ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ. ಏಪ್ರಿಲ್‌ನಲ್ಲಿ ಫ್ಯಾನಿಲ್ಲದೆ ಕೂರಲಾಗದ ಮನೆಯಾದರೆ ಮುಚ್ಚಿದ ಹೆಡ್‌ಫೋನ್ ಕೊಳ್ಳುವುದೇ ಜಾಣತನ. ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಗುಂಯ್ ಎನ್ನುವ ಸದ್ದು ಬರುತ್ತದೆ. ಕಂಪ್ಯೂಟರ್ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಂದೇ ಮೂರು ಪಿನ್ನಿನ ಹಲಗೆಗೆ ಹಾಕಿ ನೋಡಿ. ಅದಕ್ಕಾಗಿ ಅರ್ಥ್ ಪಿನ್ ಕಿತ್ತುಹಾಕುವವರನ್ನು ಕಂಡಿದ್ದೇನೆ; ದಯವಿಟ್ಟು ಬೇಡ.

ಎರಡು ಆಂಪ್ಲಿಫೈಯರ್‌ಗಳನ್ನು ಹೋಲಿಸುವುದಾದರೆ ಕಿವಿಯನ್ನು ನಂಬುವ ಮೊದಲು ಮಲ್ಟಿಮೀಟರ್ ತೆಗೆಯಿರಿ. ತುಸು ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಎನಿಸುತ್ತದೆ. ಹೆಡ್‌ಫೋನ್ ಜೋಡಿಸಿಯೇ ಇರಲಿ, ಕಿವಿಯಿಂದ ತೆಗೆದಿಡಿ. ಇಂಪೀಡೆನ್ಸ್ ಸಮತಟ್ಟಾಗಿರುವ 400 ಹರ್ಟ್ಸ್‌ನ ಒಂದೇ ಸ್ವರ ನುಡಿಸಿ, ಎರಡರಲ್ಲೂ ಎಸಿ ವೋಲ್ಟೇಜ್ ಒಂದೇ ಬರುವಂತೆ ಗುಂಡಿ ತಿರುಗಿಸಿ. ಅಗ್ಗದ ಮೀಟರ್‌ಗಳು 400ರವರೆಗೆ ನಂಬಿಕಸ್ತವಾಗಿರುತ್ತವೆ, ಬಹಳ ಮೇಲಕ್ಕೆ ಹೋದರೆ ಸುಳ್ಳು ಹೇಳುತ್ತವೆ. ಆಮೇಲೆ ಯಾವುದು ಯಾವುದೆಂದು ನಿಮಗೆ ಹೇಳದೆ ಮನೆಯವರು ಬದಲಿಸಲಿ. ಎಷ್ಟೋ ವಾದಗಳು ಆ ಸಂಜೆಯೇ ಮುಗಿಯುತ್ತವೆ.

ಕೊಂಡ ಯಂತ್ರದಲ್ಲಿ 4.4 ಮಿಲಿಮೀಟರ್‌ನ ಬ್ಯಾಲೆನ್ಸ್ಡ್ ತೂತು (ಎಡಕ್ಕೂ ಬಲಕ್ಕೂ ಬೇರೆ ಬೇರೆ ಋಣ ತಂತಿಯಿರುವಂಥದು) ಇದ್ದು ನಿಮ್ಮ ಹೆಡ್‌ಫೋನ್ ವೈರು ಸಾಮಾನ್ಯ ಮೂರು ತಂತಿಯದಾಗಿದ್ದರೆ ಅಡಾಪ್ಟರ್ ಹಾಕಿ ಅದಕ್ಕೆ ಚುಚ್ಚಬೇಡಿ. ಎಡ ಬಲದ ಋಣ ತಂತಿಗಳು ಒಳಗೆ ಒಂದಕ್ಕೊಂದು ತಾಗಿ ಔಟ್‌ಪುಟ್ ಸುಟ್ಟುಹೋಗಬಹುದು. ನನ್ನ ಮೇಜಿಗೆ ನಿಜವಾಗಿಯೂ ಕೆಟ್ಟು ಬರುವವುಗಳಲ್ಲಿ ಹೀಗೆ ಸತ್ತವೇ ಹೆಚ್ಚು.