ಮೂರು ನಾಯಿ, ಮೂರು ಥರದ ಕೂದಲು

ನಮ್ಮ ಮನೆಯಲ್ಲಿ ಒಂದು ಮುಧೋಳ, ಒಂದು ಲ್ಯಾಬ್ರಡಾರ್, ಒಂದು ಶಿಹ್ ಟ್ಜು ಇವೆ. ಸ್ನಾನ ಮೂರಕ್ಕೂ ಹೆಚ್ಚುಕಡಿಮೆ ಒಂದೇ. ಬಾಚುವುದು ಮಾತ್ರ ಒಂದೊಂದಕ್ಕೆ ಒಂದೊಂದು ಥರ. ನನ್ನನ್ನು ಕೇಳಿದರೆ ಅಸಲು ಕೆಲಸ ಇರುವುದೇ ಬಾಚುವುದರಲ್ಲಿ.

ಮುಧೋಳದ್ದು ಬೇಗ ಮುಗಿಯುತ್ತದೆ. ಬಾಗಲಕೋಟೆ ಕಡೆಯ ಬಿಸಿಲಿಗೆ ಹೇಳಿ ಮಾಡಿಸಿದ ನಾಯಿ, ಕೂದಲು ಮೈಗೇ ಅಂಟಿಕೊಂಡಿರುತ್ತದೆ. ರಬ್ಬರ್ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಚರ್ಮ ತೆಳು, ತಂತಿ ಬ್ರಷ್ ಹಾಕಿದರೆ ಗೀರು ಬೀಳುತ್ತದೆ. ಉಣ್ಣಿ ಹುಳು ಇದೆಯಾ ಅಂತ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಒಮ್ಮೆ ನೋಡಿ ಬಿಟ್ಟುಬಿಡುತ್ತೇನೆ.

ಲ್ಯಾಬ್ರಡಾರ್ ಕೂದಲೂ ಗಿಡ್ಡವೇ, ಆದರೆ ನೋಡಿ ಮೋಸಹೋಗಬೇಡಿ. ಮೇಲೆ ಒರಟು ಕೂದಲು, ಅದರಡಿ ದಟ್ಟವಾದ ಮೆತ್ತನೆ ಒಳಗೂದಲು. ಉದುರುವ ಕಾಲ ಬಂದರೆ ಸೋಫಾ, ಚಾಪೆ, ಸಾರಿನ ಪಾತ್ರೆ ಯಾವುದನ್ನೂ ಬಿಡುವುದಿಲ್ಲ. ಆಗ ದಿನಾ ಅಂಗಳದಲ್ಲಿ ಕೂರಿಸಿ ಅಂಡರ್‌ಕೋಟ್ ರೇಕ್‌ನಿಂದ (ಒಳಗೂದಲು ತೆಗೆಯುವ ಉದ್ದ ಹಲ್ಲಿನ ಬಾಚಣಿಗೆ) ಬಾಚುತ್ತೇನೆ. "ಸೆಕೆ ಅಲ್ವಾ, ಬೋಳಿಸಿಬಿಡಮ್ಮ" ಅಂತ ಬೇಸಿಗೆ ಬಂದರೆ ಪಕ್ಕದ ಮನೆ ಆಂಟಿ ಶುರು ಮಾಡುತ್ತಾರೆ. ಬೋಳಿಸಬಾರದು. ಚರ್ಮಕ್ಕೆ ಬಿಸಿಲು ತಾಕದಂತೆ ತಡೆಯುವುದೇ ಆ ಕೂದಲು. ಬೋಳಿಸಿದ ಮೇಲೆ ಕೆಲವು ನಾಯಿಗಳಿಗೆ ಅದು ಮೊದಲಿನ ಹಾಗೆ ಬೆಳೆಯುವುದೂ ಇಲ್ಲ.

ನನ್ನ ಭಾನುವಾರವನ್ನು ತಿನ್ನುವುದು ಶಿಹ್ ಟ್ಜು. ಇದರ ಕೂದಲು ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಉದುರಿದ್ದೂ ಕೆಳಗೆ ಬೀಳದೆ ಅಲ್ಲೇ ಸಿಕ್ಕಾಗುತ್ತದೆ. ಕಿವಿಯ ಹಿಂದೆ, ಕಂಕುಳಲ್ಲಿ, ಬೆಲ್ಟಿನ ಕೆಳಗೆ ಜಾಸ್ತಿ. ಸುಮ್ನೆ ಮೇಲೆ ಮೇಲೆ ಬ್ರಷ್ ಆಡಿಸಿದರೆ ನೋಡಲು ಚೆಂದ, ಬುಡದಲ್ಲಿ ಗಂಟು ಹಾಗೇ ಇರುತ್ತದೆ. ಅದಕ್ಕೇ ಒಂದು ಕೈಯಲ್ಲಿ ಕೂದಲು ಮೇಲೆತ್ತಿ ಹಿಡಿದು, ಚರ್ಮ ಕಾಣುವ ಹಾಗೆ ಬೈತಲೆ ತೆಗೆದು, ಕಾಲಿನ ಕಡೆಯಿಂದ ಬೆನ್ನಿನ ಕಡೆಗೆ ಸಾಲು ಸಾಲಾಗಿ ಬಿಡಿಸುತ್ತಾ ಹೋಗುತ್ತೇನೆ. ಮೊದಲು ಸ್ಲಿಕರ್ ಬ್ರಷ್ (ಬಾಗಿದ ಸಣ್ಣ ತಂತಿಗಳಿರುವ ಬ್ರಷ್), ಆಮೇಲೆ ಸ್ಟೀಲ್ ಬಾಚಣಿಗೆ. ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಇಳಿದರೆ ಆ ಜಾಗ ಮುಗಿಯಿತು.

ಗಂಟು ಸಿಕ್ಕರೆ ಅದರ ಬುಡವನ್ನು ಬೆರಳಲ್ಲಿ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಎಳೆದು ನೋಯುತ್ತದೆ. ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ, ತುದಿಯಿಂದ ಬಿಡಿಸುತ್ತಾ ಬರಬೇಕು. ಕತ್ತರಿ ಬೇಡವೇ ಬೇಡ. ಗಂಟಿನ ಜೊತೆ ಚರ್ಮವೂ ಎದ್ದಿರುತ್ತದೆ, ಕಾಣುವುದಿಲ್ಲ. ತೀರಾ ಬಿಡದಿದ್ದರೆ ಟ್ರಿಮ್ಮರ್‌ನಿಂದ ತೆಗೆಯುತ್ತೇನೆ. ಇದೆಲ್ಲಾ ಸ್ನಾನಕ್ಕೆ ಮುಂಚೆಯೇ ಆಗಬೇಕು. ನೀರು ಬಿದ್ದರೆ ಗಂಟು ಇನ್ನಷ್ಟು ಬಿಗಿಯುತ್ತದೆ.

ಶಾಂಪೂ ನಾಯಿಗಳದ್ದೇ ಇರಲಿ. ಅವುಗಳ ಚರ್ಮದ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ನಮ್ಮದಕ್ಕಿಂತ ಬೇರೆ, ನಮ್ಮ ಶಾಂಪೂ ಹಾಕಿದರೆ ಒಣಗಿ ತುರಿಸುತ್ತದೆ. ಒರೆಸುವಾಗ ಮುಧೋಳಕ್ಕೆ ಒಂದು ಟವೆಲ್ ಸಾಕು. ಉಳಿದ ಎರಡಕ್ಕೆ ಡ್ರೈಯರ್‌ನಲ್ಲಿ ತಣ್ಣನೆ ಗಾಳಿ ಬಿಟ್ಟು ಬುಡದವರೆಗೂ ಒಣಗಿಸಬೇಕು. ಒಳಗೂದಲು ಒದ್ದೆ ಉಳಿದರೆ ವಾಸನೆ ಬರುತ್ತದೆ, ಕೆರೆದು ಕೆರೆದು ಹುಣ್ಣೂ ಆಗುತ್ತದೆ. ಮಳೆ ಹಿಡಿದ ದಿನ ಲ್ಯಾಬ್ರಡಾರ್‌ಗೆ ನಾನು ಸ್ನಾನವನ್ನೇ ಮಾಡಿಸುವುದಿಲ್ಲ.