ಹೊಸ ಬೀದಿಯಲ್ಲಿ ಬಳಕೆ ಬೆಳೆಸುವುದು ಹೇಗೆ?

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆಯ ಮೇಲಂತಸ್ತಿಗೆ ಹನ್ನೆರಡು ವರ್ಷಗಳಲ್ಲಿ ಐದು ಸಂಸಾರಗಳು ಬಾಡಿಗೆಗೆ ಬಂದು ಹೋಗಿವೆ. ಅವರಲ್ಲಿ ಮೂವರು ಖಾಲಿ ಮಾಡುವಾಗ ‘ಊರು ಚೆನ್ನಾಗಿದೆ, ಜನ ಮಾತ್ರ ಹತ್ತಿರ ಸೇರಿಸುವುದಿಲ್ಲ’ ಎಂದು ದೂರಿಯೇ ಹೋದರು. ಒಬ್ಬರು ಬಂದ ವಾರದಲ್ಲೇ ಇಡೀ ಬೀದಿಯನ್ನು ತಾರಸಿಯ ಮೇಲಿನ ಊಟಕ್ಕೆ ಕರೆದಿದ್ದರು. ಬಂದದ್ದು ಎರಡು ಮನೆಯವರು, ಅದರಲ್ಲಿ ಒಂದು ನಮ್ಮದೇ. ಇನ್ನೊಬ್ಬರು ಬೀದಿಯ ವಾಟ್ಸಾಪ್ ಗುಂಪಿಗೆ ಸೇರಿದ ದಿನವೇ ತಮ್ಮ ಗೇಟಿನ ಮುಂದೆ ಯಾರೋ ಕಾರು ನಿಲ್ಲಿಸಿದ್ದರ ಫೋಟೊ ಹಾಕಿದರು. ಇವರನ್ನೆಲ್ಲ ಕಂಡು, ಹೊಸ ಬೀದಿಗೆ ಬರುವವರು ಯಾವುದನ್ನು ಯಾವಾಗ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲನೆಯ ಹಂತ ಮುಂಗಡ ಕೊಡುವುದಕ್ಕೂ ಮುಂಚಿನದು. ಮನೆ ನೋಡಿದ ಮೇಲೆ ಪಕ್ಕದ ಮನೆಯ ಗೇಟಿನ ಬಳಿ ನಿಂತು, ಇಲ್ಲಿ ನೀರು ಯಾವ ದಿನ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ. ಕಾವೇರಿ, ಕಬಿನಿ ಎರಡೂ ನದಿಗಳ ನೀರು ಮೈಸೂರಿಗೆ ಬರುತ್ತದಾದರೂ ಬಡಾವಣೆಯಿಂದ ಬಡಾವಣೆಗೆ ಹೊತ್ತು ಬದಲಾಗುತ್ತದೆ; ಸಂಪು ಎಷ್ಟು ದೊಡ್ಡದು, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕೇ ಎಂಬುದನ್ನು ಮನೆಯ ಮಾಲೀಕರಿಗಿಂತ ಪಕ್ಕದವರು ನಿಜವಾಗಿ ಹೇಳುತ್ತಾರೆ. ನೀವು ಸಾಮಾನು ಇಳಿಸುವ ದಿನ ಅವರಿಗೆ ನಿಮ್ಮ ಮುಖ ಆಗಲೇ ಪರಿಚಿತವಾಗಿರುತ್ತದೆ. ಬ್ರೋಕರನ್ನು ಮುಂದಿಟ್ಟುಕೊಂಡು ಈ ವಿಚಾರಣೆ ಮಾಡಬೇಡಿ. ಅವನೆದುರು ಯಾರೂ ಬಾಯಿ ಬಿಡುವುದಿಲ್ಲ.

ಕಾಗದಪತ್ರಗಳ ಕೆಲಸ ಸುಲಭ: ಬಾಡಿಗೆ ಕರಾರು, ಗ್ಯಾಸ್ ವರ್ಗಾವಣೆ, ಆಧಾರ್ ವಿಳಾಸ, ಮತದಾರರ ಪಟ್ಟಿಗೆ ನಮೂನೆ 8, ಇಷ್ಟನ್ನು ಮೊದಲ ತಿಂಗಳಲ್ಲಿ ಮುಗಿಸಿ.

ಜನ ಎಡವುವುದು ಸಾಮಾನು ಇಳಿಸಿದ ನಂತರದ ಹದಿನೈದು ದಿನಗಳಲ್ಲಿ. ಈ ಅವಧಿಯಲ್ಲಿ ಯಾರನ್ನೂ ಮನೆಗೆ ಕರೆಯಬೇಡಿ, ಯಾರ ಮನೆಯೊಳಕ್ಕೂ ನೀವಾಗಿ ಹೋಗಬೇಡಿ. ಗೇಟಿನ ಬಳಿಯ ಮಾತು ಸಾಕು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ಹೊತ್ತು, ಕಸದ ಗಾಡಿ ಬರುವ ಹೊತ್ತು, ನಂದಿನಿ ಬೂತಿಗೆ ಹಾಲು ತರಲು ಹೋಗುವ ಹೊತ್ತು, ಈ ಮೂರರಲ್ಲಿ ಒಂದನ್ನು ಆರಿಸಿಕೊಂಡು ದಿನವೂ ಅದೇ ವೇಳೆಗೆ ಹೊರಗೆ ಕಾಣಿಸಿಕೊಳ್ಳಿ. ನಾಲ್ಕನೆಯ ದಿನ ‘ನೀರು ಬಂತಾ ಮೇಡಂ?’ ಎಂದರೆ ಆಯಿತು, ‘ತಿಂಡಿ ಆಯ್ತಾ?’ ಎಂಬುದು ಎರಡನೆಯ ವಾರದ ಪ್ರಶ್ನೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಯಾರ ಕಾಲಿಂಗ್ ಬೆಲ್ಲನ್ನೂ ಒತ್ತಬೇಡಿ, ಏಕೆಂದರೆ ನಿವೃತ್ತರೇ ಹೆಚ್ಚಿರುವ ನಮ್ಮಂಥ ಬೀದಿಯಲ್ಲಿ ಆ ನಿದ್ದೆ ಕೆಡಿಸಿದವರನ್ನು ಆರು ತಿಂಗಳು ಮರೆಯುವುದಿಲ್ಲ.

‘ನಿಮ್ಮದು ಯಾವ ಊರಾಯ್ತು?’ ಎಂದು ಕೇಳಿದಾಗ ‘ಬೆಂಗಳೂರಿನಲ್ಲಿದ್ದೆವು’ ಎಂಬ ಉತ್ತರದಿಂದ ಮಾತು ಅಲ್ಲಿಗೇ ನಿಲ್ಲುತ್ತದೆ. ಹುಟ್ಟಿದ ಊರು, ತಾಲ್ಲೂಕು ಸಮೇತ ಹೇಳಿ. ಪಾಂಡವಪುರವೋ ಸಿರಿಗೆರೆಯೋ ಎಂದೊಡನೆ ಎದುರಿಗಿರುವವರ ಅತ್ತಿಗೆಯ ತವರು ಅಲ್ಲಿಯದಾಗಿರುತ್ತದೆ, ಇಲ್ಲವೇ ಅವರ ಯಜಮಾನರು ಅಲ್ಲಿ ಎರಡು ವರ್ಷ ಮೇಷ್ಟ್ರಾಗಿರುತ್ತಾರೆ. ಪ್ರಶ್ನೆ ಊರಿನ ನೆಪದಲ್ಲಿ ಜಾತಿಯನ್ನು ಹುಡುಕುತ್ತಿದೆ ಎನ್ನಿಸಿದರೆ ಊರಿನ ಹೆಸರನ್ನೇ ಮತ್ತೊಮ್ಮೆ ಹೇಳಿ ಸುಮ್ಮನಿರಿ.

ಇನ್ನು ಡಬ್ಬಿಯ ವಿಚಾರ. ಪಕ್ಕದ ಮನೆಯಿಂದ ಒಂದು ದಿನ ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆಯೋ ಕೋಸಂಬರಿಯೋ ಬರುತ್ತದೆ. ಅದನ್ನು ಖಾಲಿಯಾಗಿ ಹಿಂತಿರುಗಿಸಬಾರದು ಎಂಬುದು ಎಲ್ಲರಿಗೂ ಗೊತ್ತು. ಅದೇ ಸಂಜೆ ಹಿಂತಿರುಗಿಸಬಾರದು ಎಂಬುದು ಹಲವರಿಗೆ ಗೊತ್ತಿಲ್ಲ. ತಂದ ಸಾಲವನ್ನು ತೀರಿಸಿ ಕೈ ತೊಳೆದುಕೊಂಡಂತೆ ಅದು ಕಾಣುತ್ತದೆ. ಎರಡು ಮೂರು ದಿನ ಇಟ್ಟುಕೊಂಡು, ಮನೆಯಲ್ಲಿ ಮಾಡಿದ್ದನ್ನು, ಏನೂ ಮಾಡದಿದ್ದರೆ ಒಂದು ಹಿಡಿ ಸಕ್ಕರೆಯನ್ನು ಹಾಕಿ ಕೊಡಿ. ಬೇಕರಿಯಿಂದ ತಂದ ಪೊಟ್ಟಣವನ್ನು ಅದರೊಳಗೆ ತುರುಕಿ ಕೊಡುವವರನ್ನು ನೋಡಿದ್ದೇನೆ. ಅವರ ಮನೆಗೆ ಎರಡನೆಯ ಡಬ್ಬಿ ಬಂದದ್ದನ್ನು ಕಾಣೆ.

ಮನೆಯೊಳಕ್ಕೆ ಹೋಗುವ ಹಂತಕ್ಕೆ ಹಬ್ಬಕ್ಕಿಂತ ಒಳ್ಳೆಯ ದಾರಿಯಿಲ್ಲ. ದಸರೆಯಲ್ಲಾದರೆ ಮಕ್ಕಳು ‘ಗೊಂಬೆ ಕೂರ್ಸಿದ್ದೀರಾ?’ ಎಂದು ತಾವಾಗಿಯೇ ಬರುತ್ತಾರೆ; ನಿಮ್ಮಲ್ಲಿ ಗೊಂಬೆ ಇಲ್ಲದಿದ್ದರೂ ಅವರ ಕೈಗಿಡಲು ಕೋಡುಬಳೆ ಇರಲಿ. ಆದರೆ ಸಂಕ್ರಾಂತಿಯ ಎಳ್ಳು ಬೀರುವುದೇ ನನ್ನ ಆಯ್ಕೆ, ಏಕೆಂದರೆ ಅಂದು ಕರೆಯದೆಯೂ ಯಾರ ಮನೆಗಾದರೂ ಹೋಗಬಹುದು ಮತ್ತು ಐದು ನಿಮಿಷದಲ್ಲಿ ಎದ್ದು ಬಂದರೂ ಯಾರೂ ತಪ್ಪು ತಿಳಿಯುವುದಿಲ್ಲ. ಅಂಗಡಿಯ ಸಿದ್ಧ ಮಿಶ್ರಣ ಬೇಡ: ಅದರಲ್ಲಿ ಕೊಬ್ಬರಿ ಕಮಟಾಗಿರುತ್ತದೆ, ಹುರಿಗಡಲೆಯೇ ಮುಕ್ಕಾಲು ಪಾಲು. ಒಂದು ವಾರ ಮೊದಲೇ ದೇವರಾಜ ಮಾರುಕಟ್ಟೆಗೆ ಹೋಗಿ ಅಚ್ಚುಬೆಲ್ಲ, ಕೊಬ್ಬರಿ ಗಿಟುಕು, ಬಿಳಿ ಎಳ್ಳು, ಕಡಲೆಬೀಜ, ಹುರಿಗಡಲೆಗಳನ್ನು ಬೇರೆಬೇರೆಯಾಗಿ ತನ್ನಿ. ಬೆಲ್ಲವನ್ನೂ ಕೊಬ್ಬರಿಯನ್ನೂ ಸಣ್ಣಗೆ ಹೆಚ್ಚಿ ಎರಡು ಬಿಸಿಲು ಒಣಗಿಸಿ. ಒಣಗದ ಬೆಲ್ಲ ಎಳ್ಳನ್ನೆಲ್ಲ ಉಂಡೆಗಟ್ಟಿಸುತ್ತದೆ. ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಬೆರೆಸಿ. ಸಕ್ಕರೆ ಅಚ್ಚನ್ನು ಮಾತ್ರ ಕೊಂಡು ತಂದರೆ ತಪ್ಪಿಲ್ಲ, ಮೊದಲ ವರ್ಷವೇ ಆ ಸಾಹಸಕ್ಕೆ ಕೈ ಹಾಕಬೇಡಿ. ಸಂಜೆ ಐದರ ನಂತರ ಕಬ್ಬಿನ ತುಂಡು, ಏಲಕ್ಕಿ ಬಾಳೆಹಣ್ಣುಗಳೊಂದಿಗೆ ಹೊರಡಿ, ಬೀದಿಯ ಒಂದು ತುದಿಯಿಂದ ಆರಂಭಿಸಿ ಯಾವ ಮನೆಯನ್ನೂ ಬಿಡಬೇಡಿ. ಎಳ್ಳು ಬೀರದ ಮತದವರು, ಒಂಟಿಯಾಗಿರುವ ಹುಡುಗರು, ಬಾಡಿಗೆ ಕೋಣೆಯ ನರ್ಸುಗಳು, ಅವರ ಬಾಗಿಲಲ್ಲೂ ನಿಲ್ಲಿ. ಬಹಳ ಸಲ ನಿಮ್ಮಷ್ಟೇ ಹೊಸಬರು ಸಿಗುವುದು ಅಲ್ಲಿಯೇ.

ಬೀದಿಯ ಹೊರಗಿನ ಪರಿಚಯಕ್ಕೂ ಒಂದೇ ಜಾಗ, ಒಂದೇ ಹೊತ್ತು ಎಂಬ ಕ್ರಮ ಸಾಕು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳದೆ ನಡೆಯಿರಿ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣದಲ್ಲಿ ನಾಟಕವಿದ್ದ ದಿನ ಅರ್ಧ ಗಂಟೆ ಮೊದಲೇ ಹೋಗಿ ಹೊರಗೆ ಚಹಾ ಕುಡಿಯಿರಿ. ಊರನ್ನೆಲ್ಲ ಒಂದೇ ತಿಂಗಳಲ್ಲಿ ಸುತ್ತುವವರಿಗೆ ಬೀದಿಗಳು ಪರಿಚಯವಾಗುತ್ತವೆ, ಜನ ಆಗುವುದಿಲ್ಲ.

ಗಣಪತಿ ಚಂದಾಕ್ಕೆ ಬಂದ ಹುಡುಗರಿಗೆ ಪಕ್ಕದ ಮನೆಯವರು ಕೊಟ್ಟಷ್ಟೇ ಕೊಡಿ, ಹೆಚ್ಚು ಕೊಟ್ಟು ಹೆಸರು ಮಾಡಿಕೊಳ್ಳಬೇಡಿ. ಕೊನೆಗೆ, ಮೊದಲ ಸಲ ನಾಲ್ಕು ದಿನ ಊರಿಗೆ ಹೊರಡುವಾಗ ಇನ್ನೊಂದು ಬೀಗದ ಕೈಯನ್ನು ಎದುರು ಮನೆಯವರಿಗೆ ಕೊಟ್ಟು, ನೀರು ಬಂದಾಗ ಗಿಡಗಳಿಗೆ ಒಂದು ಚೊಂಬು ಹಾಕಿ ಎಂದು ಕೇಳಿಕೊಳ್ಳಿ. ಗಿಡವಿಲ್ಲದಿದ್ದರೆ ಎರಡು ಕುಂಡ ತಂದಿಡಿ.