ಡಬ್ಬಿ ನೋಡಿ ಅಡುಗೆ, ಆಮೇಲೆ ಮಾರ್ಕೆಟ್ಟು

ಆರು ವರ್ಷದ ಹಿಂದಿನ ಮಾತು. ಮಳೆಗಾಲ ಶುರುವಾಗಿ ಎರಡು ವಾರ ಆಗಿತ್ತು. ಬೇಳೆ ಬೇಯಿಸೋಣ ಅಂತ ದೊಡ್ಡ ಸ್ಟೀಲ್ ಡಬ್ಬದ ಮುಚ್ಚಳ ತೆಗೆದೆ. ತೊಗರಿಬೇಳೆಯ ಮೇಲೆ ಸಣ್ಣ ಸಣ್ಣ ಕಂದು ಹುಳ ಹರಿದಾಡುತ್ತಿದ್ದವು. ಡಬ್ಬದ ಅಂಚಿಗೆಲ್ಲ ಹಿಟ್ಟಿನಂಥ ಧೂಳು. ರೇಟು ಕಡಿಮೆ ಇದೆ ಅಂತ ನಮ್ಮ ದಾವಣಗೆರೆಯ ಚೌಕಿಪೇಟೆಯಿಂದ ಒಟ್ಟಿಗೇ ಹತ್ತು ಕೆಜಿ ತಂದಿದ್ದೆ. ಅದರಲ್ಲಿ ಆರು ಕೆಜಿ ಹಾಗೇ ಕೂತಿತ್ತು.

ನಮ್ಮತ್ತೆ ಮೊರ ತಗೊಂಡು ಕಟ್ಟೆ ಮೇಲೆ ಕೂತರು. ಬೈಯಲಿಲ್ಲ. ಕೇರುತ್ತಾ ಕೇರುತ್ತಾ ಒಂದೇ ಮಾತು ಅಂದರು. "ತಂದು ಇಟ್ರ ಆಗಲ್ಲವ್ವ, ತಗದು ಮಾಡ್ಬೇಕು."

ಅಲ್ಲಿಯವರೆಗೆ ಜಾಸ್ತಿ ಕೊಂಡರೆ ಉಳಿತಾಯ ಅಂತಲೇ ನಾನು ತಿಳಿದಿದ್ದೆ. ಮನೆ ತುಂಬ ಕಾಳು ಬೇಳೆ. ಆದರೂ ಸಂಜೆ ಆರಾಯಿತು ಅಂದರೆ ಇವತ್ತೇನು ಮಾಡುವುದು ಅನ್ನೋ ಚಿಂತೆ. ಆ ಹೊತ್ತಿಗೆ ಕಾಳು ನೆನೆಯುವುದಿಲ್ಲ. ಹಾಗಾಗಿ ಗೇಟಿನ ಮುಂದೆ ಬಂದ ಗಾಡಿಯವನ ಹತ್ತಿರ ಅವನು ಹೇಳಿದ ರೇಟಿಗೆ ತರಕಾರಿ, ಇಲ್ಲವೇ ಹೋಟೆಲಿಂದ ಪಾರ್ಸಲ್. ಡಬ್ಬಿಗೆ ಹಾಕಿದ ದುಡ್ಡು ಡಬ್ಬಿಯಲ್ಲೇ ಉಳಿಯುತ್ತಿತ್ತು, ಹೊರಗಿನ ಖರ್ಚು ಬೇರೆ.

ಅತ್ತೆಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಮಾವನವರು ಕಾಟನ್ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಸಂಬಳದ ದಿನ ದಿನಸಿ ಬಂದರೆ ಮುಂದಿನ ಸಂಬಳದವರೆಗೂ ಅದರಲ್ಲೇ ಮನೆ ನಡೆಯಬೇಕು. ಮಿಲ್ಲು ಮುಚ್ಚಿದ ಮೇಲಂತೂ ಅದೂ ಇಲ್ಲ. ಹಾಗೆ ಮನೆ ನಡೆಸಿದವರ ಅಡುಗೆ ಹಿಂದಿನ ರಾತ್ರಿಯೇ ಶುರುವಾಗುತ್ತದೆ.

ನಾನೂ ಅಲ್ಲಿಂದಲೇ ಶುರು ಮಾಡಿದೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಡಬ್ಬಿಗಳ ಮುಂದೆ ಎರಡು ನಿಮಿಷ ನಿಲ್ಲುತ್ತೇನೆ. ಯಾವುದು ಹಳೆಯದು, ಯಾವುದು ತಳ ಕಾಣುತ್ತಿದೆ, ಅಷ್ಟು ನೋಡಿದರೆ ಸಾಕು. ಹಳೆಯದರಲ್ಲಿ ಒಂದೂವರೆ ಲೋಟ ಕಾಳು ತೆಗೆದು ನೆನೆ ಹಾಕುತ್ತೇನೆ. ನಾಳೆ ಏನಡುಗೆ ಅನ್ನುವುದು ಅಲ್ಲಿಗೆ ತೀರ್ಮಾನ ಆಯಿತು. ಮೊದಲು ತರಕಾರಿ ತಂದು ಅದಕ್ಕೆ ತಕ್ಕ ಅಡುಗೆ ಮಾಡುತ್ತಿದ್ದೆ. ಈಗ ಅಡುಗೆ ಗೊತ್ತಾದ ಮೇಲೆ ಅದಕ್ಕೆ ಬೇಕಾದಷ್ಟೇ ತರಕಾರಿ. ಕೆ.ಆರ್. ಮಾರ್ಕೆಟ್ಟಿಗೆ ವಾರಕ್ಕೆ ಒಂದೇ ಸಲ ಹೋಗುತ್ತೇನೆ, ಅದೂ ಚೀಟಿ ಬರೆದುಕೊಂಡು.

ಹುರುಳಿಕಾಳಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮನೆಯಲ್ಲಿ ಅತಿ ಹೆಚ್ಚು ದುಡ್ಡು ಉಳಿಸಿದ್ದು ಅದೇ. ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ತೊಳೆದು, ಕಾಳಿನ ಮೂರರಷ್ಟು ನೀರು ಹಾಕಿ ಬೇಯಿಸುತ್ತೇನೆ. ಬೆಂದ ಮೇಲೆ ಆ ನೀರನ್ನು ಚೆಲ್ಲದೆ ಬಸಿದು ಇಟ್ಟುಕೊಳ್ಳುತ್ತೇನೆ. ಅದೇ ಕಟ್ಟು. ಒಂದು ಹಿಡಿ ಬೆಂದ ಕಾಳು, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಸ್ವಲ್ಪ ಒಣಕೊಬ್ಬರಿ, ಸಾರಿನ ಪುಡಿ ರುಬ್ಬಿ ಕಟ್ಟಿಗೆ ಸೇರಿಸಿ, ಹುಣಸೆಹುಳಿ ಬಿಟ್ಟು ಕುದಿಸಿದರೆ ಕಟ್ಟಿನ ಸಾರು. ಉಳಿದ ಕಾಳಿಗೆ ಒಗ್ಗರಣೆ ಕೊಟ್ಟು ಮೇಲೆ ಗುರೆಳ್ಳು (ಹುಚ್ಚೆಳ್ಳು) ಪುಡಿ ಉದುರಿಸಿದರೆ ರೊಟ್ಟಿಗೆ ಪಲ್ಯ. ಒಂದು ಸಲ ಒಲೆ ಹಚ್ಚಿದ್ದಕ್ಕೆ ಎರಡು ಅಡುಗೆ, ಐದು ಜನಕ್ಕೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಮಾರ್ಕೆಟ್ಟಿನ ಸಾಮಾನು ಏನೂ ಇಲ್ಲ. ಕಟ್ಟಿನ ಸಾರು ಮರುದಿನ ಕಾಯಿಸಿದರೆ ಇನ್ನೂ ರುಚಿ, ಅಲ್ವಾ? ಹೆಸರುಕಾಳು, ಅಲಸಂದೆ, ಕಡಲೆಯಲ್ಲೂ ಹೀಗೇ ಮಾಡಬಹುದು. ಮಡಿಕೆಕಾಳನ್ನು ಮಾತ್ರ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತೇನೆ. ಒಂದು ಲೋಟ ಕಾಳು ಮೊಳಕೆ ಬಂದ ಮೇಲೆ ಎರಡು ಲೋಟಕ್ಕೂ ಜಾಸ್ತಿ ಆಗುತ್ತದೆ.

ನಾನು ಕಲಿತ ಇನ್ನೊಂದು ದೊಡ್ಡ ಪಾಠ ಜೋಳದ್ದು. ಮೊದಲು ಹತ್ತು ಕೆಜಿ ಜೋಳ ಒಂದೇ ಸಲ ಗಿರಣಿಗೆ ಹಾಕಿಸುತ್ತಿದ್ದೆ, ಪದೇಪದೇ ಹೋಗುವುದು ತಪ್ಪಲಿ ಅಂತ. ಮೂರನೇ ವಾರಕ್ಕೆ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತಿತ್ತು. ತಿರುಗಿಸಲು ಎತ್ತಿದರೆ ನಡುವೆ ಸೀಳುತ್ತಿತ್ತು. ಎಸರು ಚೆನ್ನಾಗಿ ಕುದಿಸಿ ನಾದಿದರೂ ಅಷ್ಟಕ್ಕಷ್ಟೇ. ತಿಂಗಳು ದಾಟಿದರೆ ಹಿಟ್ಟೇ ಕಹಿ. ಅತ್ತೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು "ಜಿಗಿ ಹೋಗೈತಿ" ಅಂದರು, ಅಂದರೆ ಹಿಟ್ಟಿನ ಅಂಟು ಹೋಗಿದೆ ಅಂತ. ಕಾಳು ಇಡಿಯಾಗಿದ್ದಾಗ ಅದರ ಎಣ್ಣೆ ಅಂಶ ಒಳಗೇ ಭದ್ರವಾಗಿರುತ್ತದೆ. ಬೀಸಿದ ತಕ್ಷಣ ಗಾಳಿಗೆ ಸಿಕ್ಕಿ ಕೆಡಲು ಶುರುವಾಗುತ್ತದೆ. ಈಗ ಜೋಳವನ್ನು ಚೀಲದಲ್ಲಿ ಕೊಂಡರೂ ಬೀಸಿಸುವುದು ಎರಡು ವಾರಕ್ಕೆ ಸಾಕಾಗುವ ನಾಲ್ಕು ಕೆಜಿ ಮಾತ್ರ. ರಾಗಿ, ಗೋಧಿ, ಧನಿಯಾ, ಮೆಣಸಿನಕಾಯಿ ಎಲ್ಲಕ್ಕೂ ಇದೇ ರೂಢಿ. ಇಡಿ ಕಾಳು ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತದೆ. ಪುಡಿ, ಹಿಟ್ಟು, ರವೆ ಜಾಸ್ತಿ ಇಡಬೇಡಿ.

ಕೊಳ್ಳುವುದಕ್ಕೂ ಒಂದು ಕಾಲ ಇದೆ. ಸಂಕ್ರಾಂತಿ ಆದ ಮೇಲೆ ಹೊಸ ತೊಗರಿ ಬರುತ್ತದೆ. ಶಿವರಾತ್ರಿ ಹೊತ್ತಿಗೆ ಹೊಸ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಬಿಳಿಜೋಳ. ಬೇಸಿಗೆಯ ಬಿಸಿಲು ಹೇಗೂ ಇರುವುದರಿಂದ ಒಣಗಿಸುವುದಕ್ಕೂ ಅನುಕೂಲ. ಅಕ್ಕಿಗೆ ನಮಗೆ ಕಷ್ಟವಿಲ್ಲ, ಹರಿಹರ, ಮಲೇಬೆನ್ನೂರು ಕಡೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಆದರೆ ಚೀಲದ ರೇಟು ಹೋಲಿಸುವಾಗ ತೂಕ ನೋಡಿ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕಿಂಗ್ ಅಕ್ಕಿಗೆ ಶೇ 5 ಜಿಎಸ್‌ಟಿ ಬಿತ್ತು. ಆಗಿನಿಂದ 26 ಕೆಜಿ ಚೀಲಗಳೂ ಬಂದವು. ಎರಡನ್ನೂ ಕೆಜಿ ಲೆಕ್ಕಕ್ಕೆ ಇಳಿಸಿ ನೋಡದಿದ್ದರೆ ಯಾವುದು ಅಗ್ಗ ಅಂತ ಗೊತ್ತಾಗುವುದಿಲ್ಲ.

ತಂದ ಬೇಳೆಯನ್ನು ಮಾಳಿಗೆ ಮೇಲೆ ಹಳೆ ಪಂಚೆ ಹಾಸಿ ಎರಡು ದಿನ ಬಿಸಿಲಿಗೆ ಹಾಕುತ್ತೇನೆ. ಇಲ್ಲಿ ನಾನು ಒಮ್ಮೆ ತಪ್ಪು ಮಾಡಿದ್ದೆ. ಬಿಸಿಲಿಂದ ತಂದವಳು ಬೆಚ್ಚಗಿದ್ದಾಗಲೇ ಡಬ್ಬಕ್ಕೆ ಸುರಿದು ಮುಚ್ಚಿಬಿಟ್ಟೆ. ಒಳಗೆ ಬೆವತು ಮುಚ್ಚಳದಲ್ಲಿ ನೀರು ನಿಂತಿತ್ತು, ಮೇಲಿನ ಬೇಳೆಗೆಲ್ಲ ಬೂಷ್ಟು. ಈಗ ರಾತ್ರಿಯೆಲ್ಲ ಆರಲು ಬಿಟ್ಟು ಬೆಳಿಗ್ಗೆ ತುಂಬುತ್ತೇನೆ. ಒಂದು ಕೆಜಿ ಬೇಳೆಗೆ ಒಂದು ಚಮಚ ಹರಳೆಣ್ಣೆ ಕೈಗೆ ಸವರಿಕೊಂಡು ತಿಕ್ಕುತ್ತೇನೆ. ಅಡುಗೆಗೆ ತೆಗೆದಾಗ ಬಿಸಿನೀರಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ. ಕಾಳಿನ ಡಬ್ಬಕ್ಕೆ ಒಣಗಿದ ಬೇವಿನ ಎಲೆ. ರವೆಯನ್ನು ತಂದ ದಿನವೇ ಹುರಿದು ಇಡುತ್ತೇನೆ. ಹಳೇದು ಇರುವ ಡಬ್ಬಿಗೆ ಹೊಸದನ್ನು ಸುರಿಯುವುದನ್ನು ಪೂರ್ತಿ ಬಿಟ್ಟಿದ್ದೇನೆ. ಹಳೇದರಲ್ಲಿ ಒಂದು ಹುಳ ಇದ್ದರೂ ಹೊಸದು ಹಾಳು. ಡಬ್ಬಿ ಖಾಲಿ ಮಾಡಿ, ತೊಳೆದು, ಬಿಸಿಲಿಗಿಟ್ಟು ಆಮೇಲೆ ತುಂಬಬೇಕು.

ಎಣ್ಣೆಯಲ್ಲಿ ಮಾತ್ರ ದೊಡ್ಡ ಡಬ್ಬ ನಮಗೆ ಒಗ್ಗಲಿಲ್ಲ. 15 ಲೀಟರಿನ ಟಿನ್ ತಂದ ತಿಂಗಳು ಬಜ್ಜಿ, ಮಿರ್ಚಿ ಜಾಸ್ತಿ ಆಗುತ್ತಿದ್ದವು, ಒಗ್ಗರಣೆಗೂ ಕೈ ಧಾರಾಳ. ಖರ್ಚನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದ ಗೊತ್ತಾಯಿತು. ಈಗ 5 ಲೀಟರ್ ತರುತ್ತೇನೆ. ರೇಟಿನಲ್ಲಿ ಸ್ವಲ್ಪ ಜಾಸ್ತಿ ಬಿದ್ದರೂ ತಿಂಗಳ ಕೊನೆಗೆ ಕಡಿಮೆಯೇ ಖರ್ಚಾಗುತ್ತದೆ.

2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದ್ದು ನೆನಪಿದೆಯಾ? ಆ ತಿಂಗಳು ನಮ್ಮನೆಗೆ ಟೊಮೆಟೊ ಬರಲೇ ಇಲ್ಲ. ಹುಣಸೆಹಣ್ಣು ಇತ್ತು. ಗೊಡ್ಡು ಸಾರು, ಹುಣಸೆ ಗೊಜ್ಜು, ಕಟ್ಟಿನ ಸಾರು, ಕಡಲೆಹಿಟ್ಟಿನ ಜುಣಕದ ವಡೆ. ಶೇಂಗಾ, ಗುರೆಳ್ಳು, ಅಗಸೆ, ಮೂರೂ ಚಟ್ನಿಪುಡಿ ಮಾಡಿಟ್ಟಿದ್ದೆ. ಮಕ್ಕಳು ಬುತ್ತಿಗೆ ರೊಟ್ಟಿ, ಮೊಸರು, ಪುಡಿ ಕಟ್ಟಿಸಿಕೊಂಡು ಹೋದರು. ಬೇಸಿಗೆಯಲ್ಲಿ ಮಾಡಿದ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಇದ್ದವು. ಬಡತನದ ಊಟ ಅಂತ ಯಾರಿಗೂ ಅನಿಸಲಿಲ್ಲ. ಅಷ್ಟು ದಿನ ಡಬ್ಬಿ ತುಂಬಿಟ್ಟ ಕಷ್ಟ ಅವತ್ತು ಸಾರ್ಥಕ ಅನಿಸಿತು ನನಗೆ.

ಎಷ್ಟೇ ಯೋಚನೆ ಮಾಡಿಟ್ಟರೂ ಕಾಳು ನೆನೆ ಹಾಕಲು ಮರೆಯುವ ದಿನ ಬಂದೇ ಬರುತ್ತದೆ. ಅಂಥ ದಿನಕ್ಕೆ ನಮ್ಮೂರಿನ ಮಂಡಕ್ಕಿ ಇದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಮಂಡಕ್ಕಿ, ಪಕ್ಕದಲ್ಲಿ ಪುಟಾಣಿ (ಹುರಿಗಡಲೆ), ಶೇಂಗಾ. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ನಿಂಬೆಹಣ್ಣು ಹಿಂಡಿದರೆ ಹತ್ತು ನಿಮಿಷಕ್ಕೆ ರಾತ್ರಿ ಊಟ. ಮೆತ್ತಗಾದ ಮಂಡಕ್ಕಿಯನ್ನು ಎಸೆಯಬೇಡಿ, ಬರೀ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ. ಪಾರ್ಸಲ್ ನಿಂತಿದ್ದು ಇದರಿಂದಲೇ.

ಲೆಕ್ಕ ಹೇಳಿಬಿಡುತ್ತೇನೆ. ದಿನಸಿ, ತರಕಾರಿ, ಹೊರಗಿನ ತಿಂಡಿ ಎಲ್ಲ ಸೇರಿ ಆಗ ತಿಂಗಳಿಗೆ 13 ಸಾವಿರದ ಆಸುಪಾಸು ಆಗುತ್ತಿತ್ತು. ಇಷ್ಟು ಬೆಲೆ ಏರಿದ ಮೇಲೂ ಈಗ 10 ಸಾವಿರದೊಳಗೆ ಮುಗಿಯುತ್ತದೆ. ಮೊದಲ ನಾಲ್ಕು ತಿಂಗಳು ಏನೂ ಉಳಿಯಲಿಲ್ಲ, ಡಬ್ಬಿ ತುಂಬುವುದಕ್ಕೇ ಹೋಯಿತು. ಹೊಸದಾಗಿ ಶುರು ಮಾಡುವವರು ಅದಕ್ಕೆ ಹೆದರಬಾರದು. ಒಂದು ತಿಂಗಳು ಬೇಳೆ, ಇನ್ನೊಂದು ತಿಂಗಳು ಹುಣಸೆಹಣ್ಣು, ಹೀಗೆ ಒಂದೊಂದೇ ಜಾಸ್ತಿ ತಂದರೆ ಕೈಗೆ ಭಾರ ಆಗುವುದಿಲ್ಲ.

ಶೇಂಗಾ ಮಾತ್ರ ತುಂಬ ದಿನ ಕಾಡಿತ್ತು. ಬಿಡಿಸಿದ ಬೀಜ ಎರಡು ಮೂರು ತಿಂಗಳಿಗೇ ಕಮಟು ಹಿಡಿಯುತ್ತಿತ್ತು. ಹೋದ ದೀಪಾವಳಿಗೆ ಚಳ್ಳಕೆರೆ ಕಡೆಯಿಂದ ನಮ್ಮ ತಂಗಿ ಸಿಪ್ಪೆ ಸಮೇತ ಅರ್ಧ ಚೀಲ ಕಾಯಿ ಕಳಿಸಿದಳು. ಒಣಗಿಸಿ ಹಾಗೇ ಚೀಲದಲ್ಲಿ ಕಟ್ಟಿಟ್ಟೆವು. ಭಾನುವಾರ ಸಂಜೆ ಅತ್ತೆ, ಮಕ್ಕಳು ಟಿವಿ ಮುಂದೆ ಕೂತು ಆ ವಾರಕ್ಕೆ ಬೇಕಾದಷ್ಟು ಬಿಡಿಸುತ್ತಾರೆ. ಯುಗಾದಿ ಕಳೆದು ತಿಂಗಳಾಯಿತು. ನಿನ್ನೆ ಬಿಡಿಸಿದ ಬೀಜ ಬಾಯಿಗೆ ಹಾಕಿಕೊಂಡರೆ ಇನ್ನೂ ಸಿಹಿಯಾಗೇ ಇದೆ.